ಒಗರಿನ ಮನೆತನ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಕಲೆಯಮ್ಮ. ಹೊಸದಾಗಿ ಬಂದವರು ಈಕೆ ಹಾಡುತ್ತಾಳೋ, ಚಿತ್ರ ಬರೆಯುತ್ತಾಳೋ ಎಂದುಕೊಳ್ಳುವುದಿತ್ತು. "ಆ ಕಲೆ ಅಲ್ಲ ಸ್ವಾಮಿ, ನಿಮ್ಮ ಅಂಗಿ ಮೇಲೆ ಕೂತಿದೆಯಲ್ಲ, ಆ ಕಲೆ" ಎಂದು ಎದುರಿನ ಬೂಟು ರಿಪೇರಿಯವನು ತಿಳಿಸಿ ಹೇಳುತ್ತಿದ್ದ.

ಅವಳ ಲಾಂಡ್ರಿ ಬೀದಿಯ ತಿರುವಿನಲ್ಲಿತ್ತು. ಮುಂದೆ ಒಂದು ಕೌಂಟರು, ಹಿಂದೆ ಎರಡು ದೊಡ್ಡ ಯಂತ್ರ, ಗೋಡೆಯುದ್ದಕ್ಕೂ ನಾಲ್ಕು ಕಲ್ಲಿನ ತೊಟ್ಟಿ, ಹಿತ್ತಲಲ್ಲಿ ಒಂಬತ್ತು ಸಾಲು ತಂತಿ. ಮಹಡಿಯ ಮೇಲೆ ಮನೆ. ಗಂಡ ಇಸ್ತ್ರಿಯ ರೋಲರು ನೋಡಿಕೊಂಡು, ಬೆಳಿಗ್ಗೆ ಸಂಜೆ ವ್ಯಾನಿನಲ್ಲಿ ಬಟ್ಟೆ ತರುವುದು, ಮುಟ್ಟಿಸುವುದು ಮಾಡುತ್ತಿದ್ದ. ಎಂಬತ್ತೆರಡು ದಾಟಿದ ಅತ್ತೆ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಕಿತ್ತುಹೋದ ಗುಂಡಿಗಳನ್ನು ಹೊಲಿಯುತ್ತ, ಒಳಗೆ ಬಂದವರ ಕಾಲರು ನೋಡಿಯೇ ಅವರ ಮನೆಯ ಸಮಾಚಾರ ಹೇಳುತ್ತಿದ್ದರು.

ವಿದ್ಯೆಯೆಲ್ಲ ಅತ್ತೆಯದೇ. ಮದುವೆಯಾಗಿ ಬಂದ ಮೊದಲ ವಾರವೇ ಸೊಸೆಯನ್ನು ತೊಟ್ಟಿಯ ಮುಂದೆ ನಿಲ್ಲಿಸಿ ಅವರು ಹೇಳಿದ್ದರು: "ಕಲೆಗೂ ಮನೆತನ ಅಂತ ಇರುತ್ತೆ, ತಿಳ್ಕೋ. ಎಣ್ಣೆ, ಬೆಣ್ಣೆ, ಗ್ರೀಸು ಒಂದು ಮನೆತನ. ರಕ್ತ, ಮೊಟ್ಟೆ, ಹಾಲು ಇನ್ನೊಂದು. ಟೀ, ಕಾಫಿ, ದಾಳಿಂಬೆ, ಕೆಂಪು ವೈನು, ಇವೆಲ್ಲ ಒಗರಿನ ಮನೆತನ. ಯಾರ ಕಡೆಯವರು ಅಂತ ಗೊತ್ತಾಗೋ ತನಕ ಕೈ ಹಾಕಬೇಡ."

ಒಗರಿನ ಮನೆತನಕ್ಕೆ ಮೊದಲು ಬಿಸಿನೀರು ತೋರಿಸಬಾರದು, ಸೋಪೂ ತೋರಿಸಬಾರದು. ತೋರಿಸಿದರೆ ಕಲೆ ಮುನಿಸಿಕೊಂಡು ಅಲ್ಲೇ ಬೇರೂರಿಬಿಡುತ್ತದೆ. ತಣ್ಣೀರಿನಲ್ಲಿ ಜಾಲಿಸಿ, ವಿನೆಗರಿನಲ್ಲೋ ಹಾಲಿನಲ್ಲೋ ನೆನೆಹಾಕಿ, ಕೊನೆಗೆ ಸೋಪು. ಹತ್ತಿ ಬಟ್ಟೆಯಾದರೆ ಬೇಗ ಬಿಡುತ್ತದೆ. ಉಣ್ಣೆಯಾದರೆ ಪಟ್ಟಾಗಿ ಹಿಡಿದುಕೊಳ್ಳುತ್ತದೆ. ಇದನ್ನೆಲ್ಲ ಅವಳು ಮೂವತ್ತು ವರ್ಷ ಬೆರಳ ತುದಿಯಲ್ಲಿ ಅರೆದು ಕುಡಿದಿದ್ದಳು. ವೈನನ್ನು ಮಾತ್ರ ಕುಡಿದಿರಲಿಲ್ಲ. ವ್ರತವೇನೂ ಅಲ್ಲ. ಮನೆಯಲ್ಲಿ ಯಾರೂ ಕುಡಿಯುತ್ತಿರಲಿಲ್ಲ, ಹೊರಗೆ ಯಾರೂ ಕೇಳಿರಲಿಲ್ಲ, ಅಷ್ಟೇ.

ಮೂರು ಬೀದಿ ಆಚೆ ಹದಿನಾಲ್ಕು ಮೇಜಿನ ಒಂದು ರೆಸ್ಟೋರೆಂಟ್ ಇತ್ತು. ಅಲ್ಲಿಯ ಮೇಜುಬಟ್ಟೆಗಳೆಲ್ಲ ಅವಳ ಬಳಿಗೇ ಬರುತ್ತಿದ್ದವು. ಬಿಳಿಯ ದಪ್ಪ ಹತ್ತಿ, ಅಂಚಿನಲ್ಲಿ ಒಂದು ಸಣ್ಣ ಗೆರೆ. ಒಂದೊಂದು ಬಟ್ಟೆಯೂ ಒಂದೊಂದು ಊಟ. ಅದನ್ನು ತೊಟ್ಟಿಗೆ ಹಾಕುವ ಮೊದಲು ಉದ್ದದ ಹಲಗೆಯ ಮೇಲೆ ಹರಡಿ ಓದುವುದು ಅವಳ ಅಭ್ಯಾಸ. ಇಲ್ಲಿ ಕೂತವನು ಎಡಗೈಯವನು. ಇಲ್ಲೊಂದು ಮಗು ಸೂಪು ಚೆಲ್ಲಿದೆ, ಅಮ್ಮ ಉಪ್ಪು ಸುರಿದಿದ್ದಾಳೆ. ಇಲ್ಲಿ ಇಬ್ಬರಿಗೂ ಜಗಳ, ಬ್ರೆಡ್ಡನ್ನು ಪುಡಿಪುಡಿ ಮಾಡಿದ್ದಾರೆ, ತಿಂದಿಲ್ಲ.

"ಕಲೆ ತೆಗೀತೀಯೋ, ಜಾತಕ ಓದ್ತೀಯೋ?" ಎಂದು ಗಂಡ ರೋಲರಿನ ಆಚೆಯಿಂದ ಕೇಳುತ್ತಿದ್ದ.

"ಎರಡೂ ಒಂದೇ ಕೂಲಿಗೆ" ಎನ್ನುತ್ತಿದ್ದಳು.

ಒಂದು ಸೋಮವಾರ ಬಂದ ಗಂಟಿನಲ್ಲಿ ಅವಳು ಅದುವರೆಗೆ ಕಾಣದ ಕೆಂಪೊಂದು ಬಂತು. ವೈನೇ, ಸಂಶಯವಿಲ್ಲ. ಆದರೆ ಮಾಮೂಲಿ ವೈನು ಬಟ್ಟೆಯ ಮೇಲೆ ಒಂದೇ ಬಣ್ಣವಾಗಿ ಹರಡಿ ಒಂದೇ ಬಣ್ಣವಾಗಿ ಒಣಗುತ್ತದೆ. ಇದರ ನಡುವೆ ಇಟ್ಟಿಗೆಯ ಬಣ್ಣ, ಆಚೆಗೆ ನೇರಳೆ, ತೀರಾ ಅಂಚಿನಲ್ಲಿ ಕೂದಲೆಳೆಯಷ್ಟು ನೀಲಿ. ಬಟ್ಟೆಯನ್ನು ಕಿಟಕಿಯ ಬಳಿ ಒಯ್ದು ಅತ್ತೆಗೆ ತೋರಿಸಿದಳು.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಇದು ಒಬ್ಬರಲ್ಲ ಕಣೇ. ಇಬ್ಬರೋ ಮೂವರೋ ಒಟ್ಟಿಗೆ ಬಂದಿದ್ದಾರೆ" ಎಂದು ಮತ್ತೆ ಗುಂಡಿಗೆ ಮರಳಿದರು.

ಅಲ್ಲಿಂದ ಅವಳಿಗೆ ಅದೇ ಗುಂಗು. ಗಂಟು ಬಂದ ಕೂಡಲೇ ಆ ಕೆಂಪನ್ನು ಹುಡುಕುವಳು. ಲೋಟದ ತಳ ಬಟ್ಟೆಯ ಮೇಲೆ ಬಿಡುವ ಬಳೆಯಂಥ ಗುರುತುಗಳನ್ನು ಎಣಿಸುವಳು. ಸುರಿದಾಗಲೆಲ್ಲ ಒಂದು ಹನಿ ಲೋಟದ ಮೈಮೇಲೆ ಇಳಿದು ತಳ ಸೇರುತ್ತದೆ. ಹಾಗಾಗಿ ಬಳೆ ಹೆಚ್ಚಾದಷ್ಟೂ ಕುಡಿದದ್ದು ಹೆಚ್ಚು. ಒಂದು ತಿಂಗಳು ಕಳೆಯುವಷ್ಟರಲ್ಲಿ ಅವಳಿಗೆ ಒಂದು ವಿಚಿತ್ರ ಕಂಡಿತು. ಮೆಣಸಿನ ಕೆಂಪೆಣ್ಣೆ ಚೆಲ್ಲಿದ ಮೇಜಿನಲ್ಲಿ ವೈನಿನ ಬಳೆ ಒಂದೋ ಎರಡೋ, ಸುತ್ತಮುತ್ತ ನೀರಿನ ಗುರುತು ಏಳೆಂಟು. ಮೀನಿನ ಬಿಳಿ ಸಾರಿನ ಪಕ್ಕ ಒಂದೇ ಬಳೆ, ಆಮೇಲೆ ಏನೂ ಇಲ್ಲ. ನ್ಯಾಪ್ಕಿನ್ನಿನ ಮೇಲೆ ಮಾತ್ರ ಬಾಯನ್ನು ಒತ್ತಿ ಒತ್ತಿ ಒರೆಸಿದ ಗುರುತು. ಅದೇ ಕಂದು ಬಣ್ಣದ ದಪ್ಪ ಗೊಜ್ಜಿನ ಕಲೆ, ಅಣಬೆಯ ಚೂರು ಇದ್ದಲ್ಲಿ ಬಳೆಯ ಮೇಲೆ ಬಳೆ, ಸರಪಳಿಯ ಹಾಗೆ.

"ಮೀನು ತಿಂದವರಿಗೆ ಯಾಕೆ ಸೇರಲ್ಲ ಅದು?" ಎಂದು ಗಂಡನನ್ನು ಕೇಳಿದಳು.

"ಮೀನನ್ನ ಕೇಳು" ಎಂದ ಗಂಡ.

ಅಷ್ಟರಲ್ಲಿ ಪಕ್ಕದ ಊರಿನಲ್ಲಿದ್ದ ಮಗಳಿಗೆ ಹೆರಿಗೆಯಾಯಿತು. ಕಲೆಯಮ್ಮ ಹನ್ನೆರಡು ದಿನ ಅಲ್ಲಿದ್ದು ವಾಪಸಾದಳು. ಬಂದ ಮರುದಿನವೇ ರೆಸ್ಟೋರೆಂಟಿನ ವೈನು ಬಡಿಸುವವನು ಆರು ಮೇಜುಬಟ್ಟೆ ಕಂಕುಳಲ್ಲಿ ಇಟ್ಟುಕೊಂಡು ಲಾಂಡ್ರಿಗೆ ಬಂದ. ಮೂವತ್ತೈದರ ಆಸುಪಾಸಿನ ತೆಳ್ಳಗಿನ ಆಳು. ಬೂಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅತ್ತೆ ಅವನಿಗೆ ಅಲ್ಲೇ ನಿಂತ ನಿಲುವಿನಲ್ಲಿ ಸೀಸೆಯಪ್ಪ ಎಂದು ಹೆಸರಿಟ್ಟರು. ಅದು ಅವನಿಗೆ ಅಂಟಿಕೊಂಡೇಬಿಟ್ಟಿತು.

ಸೀಸೆಯಪ್ಪ ಬಟ್ಟೆಗಳನ್ನು ಕೌಂಟರಿನ ಮೇಲೆ ಹರಡಿದ. ಆರರ ಮೇಲೂ ಬೂದು ಬಣ್ಣದ ಮಚ್ಚೆ. "ನಿಮ್ಮ ಕೈಯಿಂದ ಇಂಥದ್ದು ಯಾವತ್ತೂ ಬಂದಿರಲಿಲ್ಲ. ಏನಾಯ್ತು?" ಎಂದ. ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು.

ಅವಳು ಬಟ್ಟೆ ಮುಟ್ಟಿ ನೋಡಿ ರೋಲರಿನ ಕಡೆ ತಿರುಗಿದಳು. ಗಂಡ ಒಮ್ಮೆಲೇ ರೋಲರಿನ ತಿರುಪನ್ನು ಬಿಗಿಮಾಡುವ ಕೆಲಸದಲ್ಲಿ ಮುಳುಗಿದ.

"ಬಿಸಿನೀರು?" ಎಂದಳು.

"ಬೇಗ ಹೋಗ್ಲಿ ಅಂತ" ಎಂದ ಗಂಡ, ತಿರುಪಿಗೆ ಹೇಳುವವನಂತೆ.

"ಸೋಪೂ ಹಾಕಿದ್ರಿ."

"ಸ್ವಲ್ಪ."

"ತಪ್ಪು ನಮ್ಮದೇ" ಎಂದು ಅವಳು ಸೀಸೆಯಪ್ಪನಿಗೆ ಹೇಳಿದಳು. "ಬಿಟ್ಟು ಹೋಗಿ. ಒಂದು ವಾರ ಹಿಡಿಯುತ್ತೆ, ಆದರೆ ಹೋಗಿಸಿ ಕೊಡ್ತೀನಿ. ನಿಮ್ಮನ್ನ ಒಂದು ಮಾತು ಕೇಳಲಾ? ಈ ಹೊಸ ಸೀಸೆಯಲ್ಲಿ ಇರೋದು ಒಂದೇ ಹಣ್ಣಿನ ರಸವೋ, ಬೇರೆ ಬೇರೆ ಸೇರಿದ್ದೋ?"

ಹೊರಡಲು ತಿರುಗಿದ್ದ ಸೀಸೆಯಪ್ಪ ನಿಂತ. "ಯಾರು ಹೇಳಿದ್ರು ನಿಮಗೆ?"

"ಬಟ್ಟೆ."

ಅವನು ಕೌಂಟರಿನ ಮೇಲೆ ಮೊಣಕೈ ಊರಿದ. ಅದು ಫ್ರಾನ್ಸಿನ ದಕ್ಷಿಣದ ಬಿಸಿಲು ನಾಡಿನ ವೈನು, ಮೂರು ಜಾತಿಯ ದ್ರಾಕ್ಷಿ ಸೇರಿಸಿ ಮಾಡಿದ್ದು ಎಂದು ಹೇಳಿದ. ಗ್ರೆನಾಶ್, ಸಿರಾ, ಮೂರ್ವೆದ್ರ್ ಎಂದು ಮೂರು ಹೆಸರು ಹೇಳಿದ. ಕಡೆಯದನ್ನು ಅತ್ತೆ ಎರಡು ಸಲ ಹೇಳಿಸಿಕೊಂಡು, "ಗಂಟಲಲ್ಲಿ ಮೂಳೆ ಸಿಕ್ಕಿದ ಹಾಗಿದೆ" ಎಂದರು. ಅವಳು ಒಗೆಯದ ಗಂಟಿನಿಂದ ಒಂದು ಬಟ್ಟೆ ತೆಗೆದು ಇಟ್ಟಿಗೆ, ನೇರಳೆ, ನೀಲಿ ಮೂರನ್ನೂ ತೋರಿಸಿದಳು. ಮತ್ತೆ ಮಾತು ಮುಂದುವರಿದು ಬಳೆಗಳಿಗೆ ಬಂತು. ಖಾರದ ಮೇಜು, ಮೀನಿನ ಮೇಜು, ಅಣಬೆಯ ಮೇಜು ಎಲ್ಲವನ್ನೂ ಹೇಳಿದಳು.

ಸೀಸೆಯಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಯಾವ ಊಟಕ್ಕೆ ಯಾವ ವೈನು ಎಂದು ಮೆನುವಿನಲ್ಲಿ ಬರೆಯುವುದು ಅವನ ಕೆಲಸ. ಈ ವೈನಿನಲ್ಲಿ ಕರಿಮೆಣಸಿನ ಘಮವಿದೆ, ಹಾಗಾಗಿ ಮೆಣಸಿನ ಖಾರದ ಮಾಂಸಕ್ಕೆ ಹೇಳಿ ಮಾಡಿಸಿದ ಜೋಡಿ ಎಂದು ಅವನೇ ಮೆನುವಿನಲ್ಲಿ ಬರೆದಿದ್ದ. ಮೇಜಿಗೆ ಹೋಗಿ ಬಾಯಿಬಿಟ್ಟು ಹೇಳುತ್ತಲೂ ಇದ್ದ. ಜನ ಚೆನ್ನಾಗಿದೆ ಅನ್ನುತ್ತಿದ್ದರು. ಅರ್ಧ ಬಾಟಲಿ ಬಿಟ್ಟು ಹೋಗುತ್ತಿದ್ದರು. ಯಾಕೆಂದು ಅವನಿಗೆ ಹೊಳೆದಿರಲಿಲ್ಲ.

"ಜನ ಸುಳ್ಳು ಹೇಳಲ್ಲ, ಮರ್ಯಾದೆಗೆ ಹೇಳ್ತಾರೆ. ಬಟ್ಟೆಗೆ ಆ ಮರ್ಯಾದೆ ಇಲ್ಲ" ಎಂದರು ಅತ್ತೆ.

ಅವನು ಆರೂ ಬಟ್ಟೆ ಬಿಟ್ಟು ಹೋದ. ನಾಲ್ಕು ದಿನ ಬಿಟ್ಟು ಮತ್ತೆ ಬಂದ. ಈ ಸಲ ಬಟ್ಟೆ ಇರಲಿಲ್ಲ. ಅಷ್ಟೂ ದಿನ ಮೇಜುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದನಂತೆ. ಅವಳು ಹೇಳಿದ್ದು ಅಕ್ಷರಶಃ ನಿಜ. "ಸೋಮವಾರ ನಮಗೆ ರಜ. ಮಧ್ಯಾಹ್ನ ಬಂದು ಒಂದು ಸಲ ರುಚಿ ನೋಡ್ತೀರಾ? ಅಡುಗೆಯವರು ಒಂದೊಂದು ತುತ್ತು ಎಲ್ಲಾ ಮಾಡಿ ಇಡ್ತಾರೆ. ನಿಮ್ಮ ಕಣ್ಣು ಕಂಡಿದ್ದನ್ನ ನಿಮ್ಮ ನಾಲಿಗೆ ಏನನ್ನುತ್ತೋ ನೋಡಬೇಕು ಅಂತ ಆಸೆ."

ಅವಳು ಅತ್ತೆಯ ಮುಖ ನೋಡಿದಳು. ಬೇಡ ಅನ್ನಬಹುದು ಎಂದು ಅವಳ ಲೆಕ್ಕ.

"ಅರವತ್ತು ವರ್ಷ ಅದನ್ನ ಒಗೆದಿದ್ದೀನಿ" ಎಂದರು ಅತ್ತೆ. "ಹೇಗಿರುತ್ತೆ ಅಂತ ತಿಳೀದೆ ಕಣ್ಣು ಮುಚ್ಚಲಾ? ನಾನೂ ಬರ್ತೀನಿ."

ಸೋಮವಾರ ಗಂಡ ಇಬ್ಬರನ್ನೂ ವ್ಯಾನಿನಲ್ಲಿ ಬಿಟ್ಟ. ಅತ್ತೆ ತಮ್ಮ ಒಳ್ಳೆಯ ಶಾಲು ಹೊದ್ದಿದ್ದರು. ಅದು ಉಣ್ಣೆಯದು, ಜೋಕೆ ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು. ಮುಚ್ಚಿದ ರೆಸ್ಟೋರೆಂಟಿನಲ್ಲಿ ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗಾಗಿ ಕೂತಿದ್ದವು. ಕಿಟಕಿಯ ಪಕ್ಕದ ಒಂದೇ ಮೇಜು ಸಿದ್ಧವಾಗಿತ್ತು. ಅಡುಗೆಯವನು ಭಾರಿ ಆಳು, ಮಾತು ಕಡಿಮೆ. ಒಗೆಯುವವರು ಬಂದು ತನ್ನ ಅಡುಗೆಗೆ ತೀರ್ಪು ಕೊಡುವುದು ಅವನಿಗೆ ಅಷ್ಟಾಗಿ ಹಿಡಿಸಿರಲಿಲ್ಲ ಎಂಬುದು ಅವನು ತಟ್ಟೆ ಇಡುತ್ತಿದ್ದ ಸದ್ದಿನಲ್ಲೇ ತಿಳಿಯುತ್ತಿತ್ತು.

ಸೀಸೆಯಪ್ಪ ಅಡುಗೆಮನೆಯ ಬಾಗಿಲ ಮೇಲಿನ ಗೂಡಿನಿಂದ ಬಾಟಲಿ ಇಳಿಸಿ, ಬಿರಡೆ ತೆಗೆದು ಮೂರು ಬೆರಳಷ್ಟು ಸುರಿದ. "ಮೊದಲು ನೋಡಿ. ಆಮೇಲೆ ಮೂಸಿ. ಆಮೇಲೆ ಒಂದು ಗುಟುಕು, ಬಾಯಲ್ಲೆಲ್ಲ ಆಡಿಸಿ, ಈ ಲೋಟದಲ್ಲಿ ಉಗೀಬಹುದು."

"ಬಾಯಿಗೆ ಹಾಕ್ಕೊಂಡಿದ್ದನ್ನ ಉಗಿಯೋದು ನನಗೆ ಅಭ್ಯಾಸ ಇಲ್ಲ" ಎಂದರು ಅತ್ತೆ.

ಅವಳು ಲೋಟವನ್ನು ಬಿಳಿ ಬಟ್ಟೆಯ ಮೇಲೆ ಓರೆ ಮಾಡಿ ಹಿಡಿದಳು. ಅಂಚಿನ ನೀಲಿ ಅಲ್ಲೂ ಇತ್ತು. ಮೂಸಿದಳು. ಅವನು ಕಾಯುತ್ತಿದ್ದ. "ಕಪ್ಪು ಹಣ್ಣು, ಒಣಗಿದ ಗಿಡಮೂಲಿಕೆ, ಚರ್ಮ, ಮೆಣಸು, ಇವು ಸಿಗ್ತಾವಾ?" ಎಂದ.

"ಸುಮ್ನಿರಿ, ನೀವು ಹೇಳಿದ್ರೆ ಅದೇ ಸಿಗುತ್ತೆ" ಎಂದು ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದಳು. "ತುಂಬಾ ಮಾಗಿದ ಹಣ್ಣು, ಸಕ್ಕರೆ ಪಾಕಕ್ಕೆ ಹಾಕೋ ಹೊತ್ತಿಂದು. ಬಿಸಿಲಲ್ಲಿ ಒಣಗಿದ ಹುಲ್ಲು. ಹೊಸ ಬೂಟಿನ ಡಬ್ಬ ತೆಗೆದ ಹಾಗೆ. ಮತ್ತೆ ಮೂಗಿನ ಒಳಗೆ ಚುಚ್ಚುತ್ತಲ್ಲ, ಅದೇನು?"

"ಅದು ಮದ್ಯಸಾರ. ಬಿಸಿಲು ನಾಡಿನ ಹಣ್ಣು ನೋಡಿ, ಸಕ್ಕರೆ ಜಾಸ್ತಿ, ಹಾಗಾಗಿ ಸಾರವೂ ಜಾಸ್ತಿ."

ಗುಟುಕರಿಸಿದಳು. ಹಣ್ಣಿನ ವಾಸನೆ ಇದ್ದುದರಿಂದ ಸಿಹಿ ಇರಬಹುದೆಂದು ನಾಲಿಗೆ ಕಾದಿತ್ತು. ಸಿಹಿಯ ಸುಳಿವೇ ಇಲ್ಲ. ಮೊದಲು ಹಣ್ಣಿನಂಥದ್ದೇನೋ ತುಂಬಿಕೊಂಡಿತು, ಆಮೇಲೆ ಹುಳಿ, ಆಮೇಲೆ ಒಸಡು, ಕೆನ್ನೆಯ ಒಳಭಾಗ ಎಲ್ಲ ಒಣಗಿ ಬಿಗಿದುಕೊಂಡಿತು. ಹಾಲು ಹಾಕದೆ ಹೆಚ್ಚು ಕುದಿಸಿದ ಟೀ ಕುಡಿದ ಹಾಗೆ. ಅವಳು ಉಗಿದು, ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿ ನೋಡಿಕೊಂಡಳು. ಬಟ್ಟೆಯ ಹಾಗೆ ಒರಟಾಗಿತ್ತು.

"ಈ ಹಿಡಿತಕ್ಕೆ ಟ್ಯಾನಿನ್ ಅಂತಾರೆ" ಎಂದ ಸೀಸೆಯಪ್ಪ. "ಗಿರಾಕಿಗಳಿಗೆ ಇದನ್ನ ಹೇಗೆ ಹೇಳ್ಬೇಕೋ ತಿಳಿಯಲ್ಲ. ರಚನೆ ಅಂತೀನಿ, ಗಟ್ಟಿತನ ಅಂತೀನಿ, ಬಾಯಿ ಒಣಗಿಸೋ ಗುಣ ಅಂತೀನಿ. ತಲೆ ಆಡಿಸ್ತಾರೆ, ಅರ್ಥ ಆಗಿರಲ್ಲ."

"ಒಗರು ಅಂದ್ರೆ ಆಯ್ತಲ್ಲ?" ಎಂದಳು.

ಅವನು ಬಾಟಲಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. "ಒಗರು" ಎಂದು ಒಮ್ಮೆ ಹೇಳಿ ನೋಡಿದ. ಮತ್ತೊಮ್ಮೆ ಹೇಳಿದ. ಅಡುಗೆಯವನು ಮೊದಲ ಸಲ ನಕ್ಕ. "ಏಳು ವರ್ಷದಿಂದ ಇವರು ಒಂದು ಮಾತು ಹುಡುಕ್ತಾ ಇದ್ರು. ನಮ್ಮಜ್ಜಿ ದಿನಾ ಆಡ್ತಿದ್ದ ಮಾತು" ಎಂದ.

ಅವಳ ತಲೆ ಮಾತ್ರ ಬೇರೆಡೆ ಓಡುತ್ತಿತ್ತು. ನಾಲಿಗೆಯನ್ನು ಹಿಡಿದದ್ದು ಇದೇ, ಬಟ್ಟೆಯನ್ನು ಹಿಡಿಯುವುದೂ ಇದೇ. ಮೂವತ್ತು ವರ್ಷ ತಾನು ತೊಟ್ಟಿಯಲ್ಲಿ ಬಿಡಿಸಿದ್ದು ಈ ಹಿಡಿತವನ್ನೇ. ಹಾಗಿದ್ದರೆ ಬಟ್ಟೆಯ ಮೇಲೆ ನಡೆಯುವುದು ಬಾಯಲ್ಲೂ ನಡೆಯಬೇಕಲ್ಲ?

"ಉಣ್ಣೆ ಬಟ್ಟೆ ಇದನ್ನ ಹತ್ತಿಗಿಂತ ಜಾಸ್ತಿ ಹೀರುತ್ತೆ" ಎಂದಳು ನಿಧಾನವಾಗಿ. "ಉಣ್ಣೆ ಕುರಿಯದು. ಮಾಂಸವೂ ಕುರಿಯದು. ಬಾಯಲ್ಲಿ ಮಾಂಸ ಇದ್ರೆ ಈ ಒಗರು ಅದಕ್ಕೆ ಅಂಟಿಕೊಳ್ಳುತ್ತೆ, ನಾಲಿಗೆ ಬಿಡುತ್ತೆ, ಅಲ್ವಾ? ಇನ್ನು ಕಲೆ ಬಿಡಿಸೋಕೆ ಹಾಲು ಹಾಕ್ತೀವಿ. ಹಾಗಾದ್ರೆ ಹಾಲಿಂದ ಆದದ್ದೂ ಇದಕ್ಕೆ ಆಗ್ಬೇಕು."

ಅಡುಗೆಯವನು ಒಳಗೆ ಹೋಗಿ, ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಬೆಂದ ಕುರಿಮಾಂಸದ ತುಂಡುಗಳನ್ನೂ ಗಟ್ಟಿ ಚೀಸಿನ ಹೋಳುಗಳನ್ನೂ ತಂದಿಟ್ಟ. ಅವಳು ಮಾಂಸ ಅಗಿದು, ಅದರ ಮೇಲೆ ಒಂದು ಗುಟುಕು ಹಾಕಿದಳು. ಬಾಯಿ ಬಿಗಿಯಲಿಲ್ಲ. ಒಗರು ಎಲ್ಲೋ ಹಿಂದೆ ಸರಿದು ನಿಂತಿತು. ಅದುವರೆಗೆ ಅದರ ಹಿಂದೆ ಅಡಗಿದ್ದ ಹಣ್ಣು ಮುಂದೆ ಬಂತು. ಮಾಂಸವೂ ಬೇರೆಯೇ ಆಯಿತು. ಕೊಬ್ಬಿನ ಜಿಡ್ಡನ್ನು ಯಾರೋ ಒರೆಸಿಬಿಟ್ಟ ಹಾಗೆ, ಮುಂದಿನ ತುತ್ತಿಗೆ ಬಾಯಿ ಹೊಸದಾಗಿತ್ತು. ಉಗಿಯುವುದು ಮರೆತೇಹೋಯಿತು.

ಅವಳು ಅತ್ತೆಯ ತಟ್ಟೆಗೆ ಒಂದು ತುಂಡು ಹಾಕಿದಳು. ಅತ್ತೆಗೆ ಹಲ್ಲು ಕಡಿಮೆ. ಚೀಸನ್ನೇ ಚೀಪಿ, ಗುಟುಕರಿಸಿದರು. "ಈಗ ಇವರಿಬ್ಬರೂ ಮಾತಾಡ್ಕೊಂಡ್ರು" ಎಂದರು.

ಮೀನು ಬಂತು. ಒಂದು ತುತ್ತು, ಒಂದು ಗುಟುಕು. ಅವಳ ಮುಖ ಕಿವುಚಿತು. "ತುಕ್ಕು. ಬೀಗದ ಕೈ ಬಾಯಲ್ಲಿ ಇಟ್ಕೊಂಡ ಹಾಗೆ." ನ್ಯಾಪ್ಕಿನ್ನಿನಿಂದ ಬಾಯನ್ನು ಒತ್ತಿ ಒರೆಸಿಕೊಂಡಳು. ಒರೆಸಿಕೊಂಡ ಮೇಲೆ ಆ ನ್ಯಾಪ್ಕಿನ್ನನ್ನೇ ಬಿಡಿಸಿ ನೋಡಿದಳು. ತಾನು ವಾರಗಟ್ಟಲೆ ಕಂಡ ಗುರುತೇ ಅದು.

ಮೆಣಸಿನ ಮಾಂಸಕ್ಕೆ ಬಾಯಿ ಉರಿದುಹೋಯಿತು. ಖಾರದ ಮೇಲೆ ಮದ್ಯಸಾರ ಬಿದ್ದು, ಬೆಂಕಿಗೆ ಎಣ್ಣೆ ಹುಯ್ದಂತಾಯಿತು. ನಾಲ್ವರೂ ನೀರಿನ ಜಗ್ಗಿಗೆ ಒಟ್ಟಿಗೆ ಕೈ ಚಾಚಿದರು. ಸೀಸೆಯಪ್ಪ ತಲೆ ಕೆರೆದುಕೊಂಡ. "ಘಮ ಬೇರೆ, ಖಾರ ಬೇರೆ. ಇದು ನನಗೆ ಹೊಳೀಲೇ ಇಲ್ಲ" ಎಂದ.

ಗೆಲುವು ಒಂದರ ಮೇಲೊಂದು ಬಂದದ್ದರಿಂದ ಅವಳಿಗೂ ಸ್ವಲ್ಪ ಧೈರ್ಯ ಏರಿತು. "ವಿನೆಗರು ಹಾಕಿದ ಸಲಾಡ್ ಇದ್ರೆ ತನ್ನಿ. ಕಲೆ ಬಿಡಿಸೋದ್ರಲ್ಲಿ ವಿನೆಗರು ಎತ್ತಿದ ಕೈ. ಇದಕ್ಕೂ ಚೆನ್ನಾಗಿ ಹೊಂದುತ್ತೆ ನೋಡಿ" ಎಂದಳು. ಸಲಾಡ್ ಬಂತು. ತಿಂದು ಕುಡಿದರೆ ವೈನು ನೀರುನೀರಾಗಿ ಸಪ್ಪಗಾಗಿಬಿಟ್ಟಿತು. ಹಣ್ಣೂ ಇಲ್ಲ, ಘಮವೂ ಇಲ್ಲ. ಬಟ್ಟೆಯಿಂದ ಕಲೆ ತೆಗೆಯುವ ಹುಳಿ, ನಾಲಿಗೆಯಿಂದ ರುಚಿಯನ್ನೇ ತೆಗೆದುಹಾಕಿತ್ತು.

"ಎಲ್ಲಾ ನಿನ್ನ ತೊಟ್ಟಿ ಹೇಳಿದ ಹಾಗೇ ನಡೆಯಲ್ಲ" ಎಂದರು ಅತ್ತೆ. ಅಡುಗೆಯವನ ಮುಖ ಆಗ ಅರಳಿತು. ತಾನೂ ಒಂದು ಗೆದ್ದೆ ಎಂಬಂತೆ ಅವನು ಕುರ್ಚಿ ಎಳೆದುಕೊಂಡು ಕೂತ. ಆಮೇಲೆ ಅವನದೇ ಉಪಾಯಗಳು ಹೊರಟವು. ಬದನೆಕಾಯಿ, ಟೊಮೆಟೊ, ಈರುಳ್ಳಿಯನ್ನು ಎಣ್ಣೆಯಲ್ಲಿ ಕರಗುವ ತನಕ ಬೇಯಿಸಿದ್ದು. ಮಾಂಸ ತಿನ್ನದವರಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ, ಬೇಯಿಸಿದ ಹುರುಳಿ. ಅಣಬೆ ಕುರಿಮಾಂಸದಷ್ಟೇ ಚೆನ್ನಾಗಿ ನಿಂತಿತು. ಟೊಮೆಟೊ ಹುಳಿ ಹೆಚ್ಚಾಯಿತೇನೋ ಎಂದು ಅವಳಿಗೆ ಅನ್ನಿಸಿತು, ಸೀಸೆಯಪ್ಪನಿಗೆ ಅನ್ನಿಸಲಿಲ್ಲ. ಅದರ ಮೇಲೆ ಕಾಲು ಗಂಟೆ ಚರ್ಚೆ ನಡೆಯಿತು.

ಹೊರಡುವ ಹೊತ್ತಿಗೆ ಅವಳು ಇನ್ನೊಂದು ಮಾತು ಕೇಳಿದಳು. "ಬಾಟಲಿ ಯಾಕೆ ಅಡುಗೆಮನೆ ಬಾಗಿಲ ಮೇಲಿದೆ? ಮುಟ್ಟಿದ್ರೆ ಬೆಚ್ಚಗಿದೆ."

"ಕೆಂಪು ವೈನು ಕೋಣೆಯ ಬಿಸಿಗೆ ಇರ್ಬೇಕು ಅಂತ."

"ಯಾವ ಕೋಣೆ? ನಿಮ್ಮ ಒಲೆ ಕೋಣೆಯಾ?"

ಅವನು ಒಂದು ಬಾಟಲಿಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟ. ಕಾಲು ಗಂಟೆ ಕಳೆದು ಸುರಿದಾಗ ಮೂಗಿಗೆ ಚುಚ್ಚುತ್ತಿದ್ದುದು ಅಡಗಿತ್ತು, ಹಣ್ಣು ಚುರುಕಾಗಿತ್ತು. ಇನ್ನೂ ತಣ್ಣಗಾದರೆ ಹೇಗೆ ಎಂದು ಅರ್ಧ ಗಂಟೆ ಬಿಟ್ಟು ನೋಡಿದರು. ಆಗ ಒಗರು ಮತ್ತೆ ಕಣ್ಣು ಕೆಂಪಗೆ ಮಾಡಿತು. ಅಡುಗೆಯವನು ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ತಂದ. ಹದಿನಾರು ಹದಿನೇಳು ಡಿಗ್ರಿ ಸರಿ ಎಂದು ಮೂವರೂ ಒಪ್ಪಿದರು. ಅತ್ತೆ ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಅವರು ಗೋಡೆಗೆ ಒರಗಿ ಸಣ್ಣ ನಿದ್ದೆ ತೆಗೆಯುತ್ತಿದ್ದರು. ಶಾಲಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಮೆನು ಬದಲಾಗಲು ಎರಡು ತಿಂಗಳು ಹಿಡಿಯಿತು. ಮಾಲೀಕರಿಗೆ ಮೊದಲು ಒಪ್ಪಿಗೆಯಿರಲಿಲ್ಲ. ಮೆಣಸಿನ ಮಾಂಸ ಅವರಿಗೆ ಅಚ್ಚುಮೆಚ್ಚು, ಅದರ ಪಕ್ಕದಿಂದ ಫ್ರೆಂಚ್ ವೈನನ್ನು ಕಿತ್ತುಹಾಕುವುದು ಅವಮಾನವೆನಿಸಿತು. ಸೀಸೆಯಪ್ಪ ವಾದ ಮಾಡಲಿಲ್ಲ. ಎರಡು ದಿನದ ಒಗೆಯದ ಮೇಜುಬಟ್ಟೆಗಳನ್ನು ಅವರ ಮುಂದೆ ಹರಡಿ ಬಳೆ ಎಣಿಸಿ ತೋರಿಸಿದ. ಹೊಸ ಮೆನುವಿನಲ್ಲಿ ಆ ವೈನಿನ ಕೆಳಗೆ ಹೀಗಿತ್ತು: "ಮಾಗಿದ ಹಣ್ಣು, ಒಣಹುಲ್ಲು, ಹೊಸ ಚರ್ಮ. ಒಗರು ಉಂಟು, ನಿಧಾನವಾಗಿ ಬೆಂದ ಮಾಂಸ, ಬೆಣ್ಣೆಯ ಅಣಬೆ, ಗಟ್ಟಿ ಚೀಸಿನ ಜೊತೆ ಅದು ಮೆತ್ತಗಾಗುತ್ತದೆ. ತುಸು ತಂಪಾಗಿ ಕೊಡುತ್ತೇವೆ." ಬೂಟಿನ ಡಬ್ಬ ಎಂದು ಬರೆಯಲು ಮಾತ್ರ ಮಾಲೀಕರು ಬಿಡಲಿಲ್ಲ. ಮುಂದಿನ ವಾರದಿಂದ ಅವಳ ಹಲಗೆಯ ಮೇಲೆ ಬಳೆಗಳು ಹೆಚ್ಚಿದವು. ಗಂಡ ಇದರಿಂದ ಕೆಲಸ ಹೆಚ್ಚಾಯಿತೆಂದು ಗೊಣಗಿದ.

ಸೋಮವಾರದ ಮಧ್ಯಾಹ್ನ ಅವಳಿಗೆ ರೂಢಿಯೇ ಆಯಿತು. ಬೇರೆ ವೈನುಗಳೂ ಬಂದವು, ಅವುಗಳ ಜೊತೆ ಬೇರೆ ತುತ್ತುಗಳು. ಆದರೆ ಮೊದಲ ವೈನನ್ನು ಅವಳು ಬಿಟ್ಟುಕೊಡಲಿಲ್ಲ. ಅದರಲ್ಲಿ ಮೂವರಿದ್ದಾರೆ ಎಂದ ಮೇಲೆ, ಒಬ್ಬೊಬ್ಬರೇ ಹೇಗಿರುತ್ತಾರೆ? ಯಾರದು ಬಣ್ಣ, ಯಾರದು ಒಗರು? ಕೇಳಿ ಕೇಳಿ ಸೀಸೆಯಪ್ಪನಿಗೆ ಸಾಕು ಮಾಡಿದಳು. ಕೊನೆಗೊಮ್ಮೆ ಅವನು ಎಲ್ಲಿಂದಲೋ ಮೂರು ಬೇರೆ ಬೇರೆ ಬಾಟಲಿ ತರಿಸಿದ. ಒಂದೊಂದೂ ಒಂದೊಂದೇ ದ್ರಾಕ್ಷಿಯದು.

ಅವಳು ಹಳೆಯ ಬಿಳಿ ಬಟ್ಟೆಯ ಚೂರೊಂದನ್ನು ತಂದಿದ್ದಳು. ಮೂರರದ್ದೂ ಒಂದೊಂದು ಹನಿ ಹಾಕಿದಳು. ಗ್ರೆನಾಶ್ ತೆಳ್ಳಗಿನ ಇಟ್ಟಿಗೆ ಬಣ್ಣವಾಯಿತು. ಸಿರಾ ಗಾಢ ನೇರಳೆ. ಮೂರ್ವೆದ್ರ್ ಬಟ್ಟೆಯನ್ನು ಹಿಡಿದು ನೀಲಿಗಪ್ಪಾಗಿ ಕೂತಿತು. ಕುಡಿದು ನೋಡಿದರೂ ಹಾಗೇ. ಮೊದಲನೆಯದು ಬೆಚ್ಚಗೆ, ಹಣ್ಣುಹಣ್ಣಾಗಿ, ಮಾತುಗಾರ ಸೋದರಮಾವನ ಹಾಗೆ. ಎರಡನೆಯದರಲ್ಲಿ ಮೆಣಸಿನ ಘಮ, ಬಣ್ಣ. ಮೂರನೆಯದು ಬಾಯನ್ನು ಕೈಯಿಂದ ಹಿಡಿದ ಹಾಗೆ ಹಿಡಿಯಿತು.

"ಒಗರು ಇವನದು" ಎಂದಳು. "ಬೂಟಿನ ಡಬ್ಬವೂ ಇವನದೇ."

ಆಮೇಲೆ ಟೀ ಚಮಚದಲ್ಲಿ ಅಳೆದು ಬೆರೆಸಲು ಕೂತಳು. ಆರು ಚಮಚ, ಮೂರು, ಒಂದು. ಐದು, ಮೂರು, ಎರಡು. ಒಂದೊಂದು ಲೋಟದ ಕೆಳಗೂ ಬಟ್ಟೆಯ ಮೇಲೆ ಒಂದು ಹನಿ, ಪಕ್ಕದಲ್ಲಿ ಮೂಲ ವೈನಿನ ಹನಿ. ಬಣ್ಣ ಹತ್ತಿರ ಬಂದರೆ ರುಚಿ ದೂರ, ರುಚಿ ಹತ್ತಿರ ಬಂದರೆ ಬಣ್ಣ ದೂರ. ಏಳನೆಯ ಲೋಟವನ್ನು ಅಡುಗೆಯವನು ಕುಡಿದು, "ಇದು ಅದಲ್ಲ. ಆದ್ರೆ ನಾನು ಇದನ್ನ ಕುಡೀತೀನಿ" ಎಂದು ಖಾಲಿ ಮಾಡಿದ. ಅಳತೆ ಸಿಗಲಿಲ್ಲ. ಬಾಟಲಿಯ ಚೀಟಿಯ ಮೇಲೂ ಬರೆದಿರಲಿಲ್ಲ.

ಅವಳ ಒತ್ತಾಯಕ್ಕೆ ಸೀಸೆಯಪ್ಪ ಆ ವೈನು ಮಾಡಿದವರಿಗೇ ಪತ್ರ ಬರೆದ. ತಿಂಗಳಾದ ಮೇಲೆ ಉತ್ತರ ಬಂತು. ಅವನು ಅದನ್ನು ಲಾಂಡ್ರಿಗೇ ತಂದು, ಕೌಂಟರಿಗೆ ಒರಗಿ ಅರ್ಥ ಹೇಳಿದ. ಆ ವರ್ಷದ್ದು ಸುಮಾರು ಆರು, ಎರಡೂವರೆ, ಒಂದೂವರೆ ಪಾಲಂತೆ. ಆದರೆ ಅದನ್ನು ನೆಚ್ಚಿಕೊಳ್ಳಬೇಡಿ ಎಂದೂ ಬರೆದಿದ್ದರು. ಬಿಸಿಲು ಹೆಚ್ಚಾದ ವರ್ಷ ಒಂದು ಹಣ್ಣು ಗೆಲ್ಲುತ್ತದೆ, ಮಳೆ ಬಿದ್ದ ವರ್ಷ ಇನ್ನೊಂದು. ಪ್ರತಿ ಸಲವೂ ಹೊಸದಾಗಿ ರುಚಿ ನೋಡಿಯೇ ಬೆರೆಸುವುದು, ಬರೆದಿಟ್ಟ ಅಳತೆ ಇಲ್ಲ.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಿದ್ದಾರೆ" ಎಂದ ಗಂಡ.

"ಇಲ್ಲ, ಸರಿಯಾಗೇ ಹೇಳಿದ್ದಾರೆ" ಎಂದಳು. "ಹಾಗಾದ್ರೆ ಮುಂದಿನ ವರ್ಷದ್ದು ಯಾವಾಗ ಬರುತ್ತೆ?"

ಬಂದದ್ದು ಹತ್ತು ತಿಂಗಳ ಮೇಲೆ. ಅಂದು ಅತ್ತೆಗೆ ಮೊಣಕಾಲು ನೋವು, ಹಾಗಾಗಿ ಎಲ್ಲರೂ ಲಾಂಡ್ರಿಯಲ್ಲೇ ಸೇರಿದರು. ಅಡುಗೆಯವನು ಮುಚ್ಚಿದ ಪಾತ್ರೆಯಲ್ಲಿ ಕುರಿಮಾಂಸ ತಂದಿದ್ದ. ಸೀಸೆಯಪ್ಪ ಬಾಟಲಿಯನ್ನು ತೊಟ್ಟಿಯ ತಣ್ಣೀರಿನಲ್ಲಿ ನಿಲ್ಲಿಸಿದ್ದ. ಎಂದೂ ಹತ್ತಿರ ಸುಳಿಯದ ಗಂಡನೂ ರೋಲರು ನಿಲ್ಲಿಸಿ ಒಂದು ಲೋಟ ಹಿಡಿದುಕೊಂಡ. ಈ ಸಲದ್ದರಲ್ಲಿ ಹಣ್ಣು ಕಡಿಮೆ, ಒಗರು ಹೆಚ್ಚು.

"ಮೂರನೆಯವನು ಮುಂದೆ ಬಂದಿದ್ದಾನೆ" ಎಂದಳು. "ಎರಡು ಪಾಲಿಗೆ ಕಡಿಮೆಯಿಲ್ಲ."

"ಗೊಜ್ಜಿಗೆ ಬೆಣ್ಣೆ ಜಾಸ್ತಿ ಮಾಡ್ಲಾ?" ಎಂದು ಅಡುಗೆಯವನು ಕೇಳಿದ. ಈಗ ಅವನೇ ಕೇಳುತ್ತಿದ್ದ.

"ಬೆಣ್ಣೆ ಬೇಡ. ಇನ್ನೊಂದು ಗಂಟೆ ಬೇಯಿಸಿ ನೋಡಿ. ಎಲುಬಿನ ರಸ ಇನ್ನಷ್ಟು ಇಳೀಲಿ."

ಗಂಡ ಒಂದು ಗುಟುಕು ಕುಡಿದು, ಮುಖ ಹುಳ್ಳಗೆ ಮಾಡಿ, ಲೋಟ ಕೆಳಗಿಟ್ಟ. "ಇದಕ್ಕೇನಾ ಇಷ್ಟೆಲ್ಲ?"

"ಮಾಂಸ ತಿಂದು ಕುಡೀರಿ" ಎಂದು ಅವಳು ಪಾತ್ರೆಯನ್ನು ಅವನ ಕಡೆ ತಳ್ಳಿದಳು.

ಅವನು ತಿಂದ, ಕುಡಿದ. ಹೇಗಿದೆ ಎಂದು ಯಾರೂ ಕೇಳಲಿಲ್ಲ. ಅವನೇ ಖಾಲಿ ಲೋಟ ಮುಂದೆ ಚಾಚಿದ.